ನಡುಮನೆ ಗೋಡೆಯ ಮೇಲೆ ಹಾರನಹಳ್ಳಿ

ಅರಸೀಕೆರೆಯ ಮನೆಗಳಲ್ಲಿ ನಡುಮನೆಯ ಗೋಡೆ ಏರಬೇಕಾದರೆ ಒಂದೋ ದೇವರಾಗಿರಬೇಕು, ಇಲ್ಲವೇ ತೀರಿಕೊಂಡಿರಬೇಕು. ಬೇರೆಯವರಿಗೆ ಮೊಳೆ ಇಲ್ಲ. ಮದುವೆ ಫೋಟೋ ಕೂಡ ನಮ್ಮಲ್ಲಿ ಬೀರುವಿನೊಳಗೆ ಸೀರೆಗಳ ಕೆಳಗೆ ಮಲಗಿರುತ್ತದೆ. ಇಬ್ಬರಲ್ಲಿ ಒಬ್ಬರು ಹೋದ ಮೇಲೆ ಆ ಒಬ್ಬರನ್ನು ಮಾತ್ರ ಅದರಿಂದ ಬಿಡಿಸಿ, ದೊಡ್ಡದು ಮಾಡಿಸಿ, ಗೋಡೆಗೆ ಹತ್ತಿಸುತ್ತಾರೆ. ಇಂಥ ಗೋಡೆಯ ಮೇಲೆ ನಾನು ಒಂದು ಊರನ್ನು ಹತ್ತಿಸಿದೆ. ಅದೂ ನನ್ನ ತವರೂರನ್ನು. ಹೇಗೆ ಅಂತ ಹೇಳಿಯೇ ತೀರುತ್ತೇನೆ, ಕಾಫಿ ಬೇಕಿದ್ದರೆ ಈಗಲೇ ತಂದಿಟ್ಟುಕೊಂಡು ಕೂತುಕೊಳ್ಳಿ.

ನನ್ನ ತವರು ಹಾರನಹಳ್ಳಿ. ಅರಸೀಕೆರೆಯಲ್ಲಿ ಬಸ್ಸು ಹತ್ತಿ, ಟಿಕೆಟ್ ತೆಗೆದುಕೊಂಡು, ಪರ್ಸಿನ ಜಿಪ್ಪು ಎಳೆಯುವುದರೊಳಗೆ ಬಂದುಬಿಡುತ್ತದೆ. ನಮ್ಮ ಯಜಮಾನರದು ಕೊಬ್ಬರಿ ವ್ಯಾಪಾರ, ಹುಟ್ಟಿದ್ದು ಬೆಳೆದದ್ದು ಅರಸೀಕೆರೆ ಪೇಟೆ. ರೈಲ್ವೆ ಜಂಕ್ಷನ್ನಿನವರು ಅಂತ ಒಂದು ಜಂಬ. ಮದುವೆಯಾದ ಹೊಸದರಲ್ಲಿ ನನ್ನನ್ನು ಕೇಳಿದ್ದರು, ‘ನಿಮ್ಮೂರಲ್ಲಿ ಬಸ್ಸು ನಿಲ್ತದೋ, ಬರೀ ಸ್ಲೋ ಆಗ್ತದೋ?’ ಅಂತ. ಆ ಹಾಸ್ಯ ಇವತ್ತಿನವರೆಗೂ ಮುಗಿದಿಲ್ಲ. ಮನೆಗೆ ಯಾರು ಬಂದರೂ ಒಮ್ಮೆ ಅದನ್ನು ತೆಗೆದು, ಬಿಸಿ ಮಾಡಿ ಬಡಿಸುತ್ತಾರೆ.

ನಮ್ಮ ತಾತ ಮಾತ್ರ ಬೇರೆಯದೇ ಹೇಳುತ್ತಿದ್ದರು. ‘ನಾವು ತಾಲ್ಲೂಕಿನ ಜನ ಕಣವ್ವಾ. ಕಚೇರಿ ನಮ್ಮೂರಲ್ಲಿತ್ತು. ಅರಸೀಕೆರೆಯೋರು ಅರ್ಜಿ ಹಿಡ್ಕೊಂಡು ನಮ್ಮೂರಿಗೆ ಬರ್ತಿದ್ರು.’ ರೈಲು ಬಂದ ಮೇಲೆ ಕಚೇರಿಯೂ ಗಂಟುಮೂಟೆ ಕಟ್ಟಿಕೊಂಡು ಅರಸೀಕೆರೆಗೆ ಹೋಯಿತಂತೆ. ಇದನ್ನು ತಾತ ನನ್ನ ಮದುವೆಯ ಮಾತುಕತೆಯಲ್ಲೂ ಹೇಳಿಬಿಟ್ಟರು. ರುಮಾಲು ಕಟ್ಟಿಕೊಂಡು ಚಾಪೆಯ ಮೇಲೆ ಕೂತು, ಗಂಡಿನ ಕಡೆಯವರಿಗೆ, ‘ನಿಮ್ಮೂರು ನಮ್ಮ ತಾಲ್ಲೂಕಿಗೆ ಸೇರಿತ್ತು’ ಅಂದರು. ಬಂದಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ತಾತ ರುಮಾಲು ಸರಿಮಾಡಿಕೊಂಡರು. ನಾನು ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಆ ನಗು ನನಗೆ ಇನ್ನೂ ಕೇಳಿಸುತ್ತದೆ, ತಾತ ಈಗ ಇಲ್ಲ.

ನಕ್ಷೆ ಅಂದರೆ ನನಗೆ ಮೊದಲಿನಿಂದಲೂ ಕೊಬ್ಬರಿ ಎಣ್ಣೆಯ ವಾಸನೆ. ನಗಬೇಡಿ. ನಾವು ಓದುವಾಗ ಟ್ರೇಸಿಂಗ್ ಪೇಪರ್ ಅನ್ನುವುದು ನಮ್ಮೂರಿನ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಬಿಳಿ ಹಾಳೆಗೆ ಎಣ್ಣೆ ಸವರಿ ಬಿಸಿಲಿಗೆ ಇಟ್ಟರೆ ಅದರ ಆಚೆಯದು ಕಾಣಿಸುತ್ತಿತ್ತು. ಅದನ್ನು ಪುಸ್ತಕದ ಮೇಲಿಟ್ಟು ಕರ್ನಾಟಕದ ಗಡಿ ಗೀಚುವುದು. ಅಮ್ಮ ಎಣ್ಣೆ ಬಾಟಲಿ ಬಚ್ಚಿಟ್ಟರೆ ನನ್ನ ಜಡೆಯನ್ನೇ ಹಾಳೆಗೆ ತಿಕ್ಕುತ್ತಿದ್ದೆ. ಪೆನ್ಸಿಲು ಜಾರಿ ಬೀದರ್ ಒಂದು ಕಡೆ, ಕೊಡಗು ಒಂದು ಕಡೆ ಹೋಗಿ, ಮೇಷ್ಟ್ರು ನನ್ನ ಹಾಳೆಯನ್ನು ಕಿಟಕಿಗೆ ಹಿಡಿದು, ‘ಏನಮ್ಮಾ ಇದು, ಕರ್ನಾಟಕನೋ ಬೋಂಡಾನೋ?’ ಅನ್ನುತ್ತಿದ್ದರು. ಬೋಂಡವಾದರೂ ಚಿಂತೆ ಇರಲಿಲ್ಲ. ನನಗೆ ಬೇಕಿದ್ದದ್ದು ಅದರೊಳಗೆ ನಮ್ಮೂರು. ಪುಸ್ತಕದ ನಕ್ಷೆಯಲ್ಲಿ ಹಾಸನವೇ ಒಂದು ಸಾಸಿವೆ ಕಾಳಿನಷ್ಟಿದ್ದರೆ ಹಾರನಹಳ್ಳಿ ಎಲ್ಲಿಂದ ಬರಬೇಕು? ನಾನೇ ಪೆನ್ಸಿಲಿನಿಂದ ಒಂದು ಚುಕ್ಕಿ ಇಡುತ್ತಿದ್ದೆ. ಮೇಷ್ಟ್ರು ಪ್ರತಿ ಸಲವೂ ಕೆಂಪು ಇಂಕಿನಲ್ಲಿ ಅದನ್ನು ಹೊಡೆದುಹಾಕುತ್ತಿದ್ದರು. ಮುಂದಿನ ಸಲ ನಾನು ಮತ್ತೆ ಇಡುತ್ತಿದ್ದೆ.

ಇಷ್ಟು ಯಾಕೆ ಹೇಳಿದೆ ಅಂದರೆ, ಹೋದ ವರ್ಷ ಬೇಲೂರಿನ ಅಂಗಡಿಯಲ್ಲಿ ನಾನು ಕಿರುಚಿದ್ದು ನಿಮಗೆ ಅರ್ಥವಾಗಲಿ ಅಂತ. ನೆಂಟರಿಗೆ ದೇವಸ್ಥಾನ ತೋರಿಸಲು ಹೋಗಿದ್ದೆವು. ಹೊರಗೆ ಕಲ್ಲಿನ ಪುಟ್ಟ ಗಣಪತಿ, ಆನೆ, ಕೀಚೈನು ಮಾರುವ ಅಂಗಡಿಗಳ ಸಾಲು. ಒಂದರಲ್ಲಿ ಹೊಸ ಸರಕು ಬಂದಿತ್ತು: ಹಳೆಯ ಕಾಲದ ನಕ್ಷೆಗಳನ್ನು ಮತ್ತೆ ಅಚ್ಚು ಹಾಕಿ, ಸುರುಳಿ ಸುತ್ತಿ, ಕೊಳವೆಯೊಳಗೆ ತುಂಬಿಟ್ಟಿದ್ದರು. ‘ಫ್ರೇಮ್ ಹಾಕ್ಸಿದ್ರೆ ಚೆನ್ನಾಗಿರ್ತದೆ ಮೇಡಂ’ ಅಂತ ಅಂಗಡಿಯವನು ಒಂದನ್ನು ಬಿಚ್ಚಿದ. ಹಾಸನ ಸೀಮೆಯ ನಕ್ಷೆ. ಕಂದು ಬಣ್ಣದ ಹಾಳೆ, ನೀಲಿ ಕೆರೆಗಳು, ಇರುವೆ ಸಾಲಿನಂಥ ದಾರಿಗಳು, ಎಲ್ಲ ಇಂಗ್ಲಿಷ್ ಅಕ್ಷರ. ಬಲಗಡೆ ದಪ್ಪಕ್ಷರದಲ್ಲಿ ಹಾರನಹಳ್ಳಿ! ಕಾಗುಣಿತ ಬಾಯಿಗೆ ಬಂದ ಹಾಗಿತ್ತು, ಆದರೆ ಅದು ನಮ್ಮ ಹಾರನಹಳ್ಳಿಯೇ. ಅದರ ಪಕ್ಕದಲ್ಲಿ, ಕಣ್ಣು ಕಿರಿದು ಮಾಡಿದರೆ ಮಾತ್ರ ಕಾಣುವ ಹಾಗೆ, ಸಣ್ಣಕ್ಷರದಲ್ಲಿ ಅರಸೀಕೆರೆ.

ಅಯ್ಯೋ ದೇವರೇ, ನನ್ನ ತಾತ ಸುಳ್ಳು ಹೇಳಿರಲಿಲ್ಲ! ನಾನು ಆ ಹಾಳೆ ಹಿಡಿದುಕೊಂಡು ಅಲ್ಲೇ ಅಳುವುದೊಂದು ಬಾಕಿ. ಯಜಮಾನರು ಓಡಿ ಬಂದರು, ಜೇಬುಗಳ್ಳತನವಾಯಿತೇನೋ ಅಂದುಕೊಂಡು. ‘ಓದಿ’ ಅಂದೆ. ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ‘ಪ್ರಿಂಟ್ ಮಿಸ್ಟೇಕು’ ಅಂದರು. ಅಂದೇ ಅಲ್ಲೇ ತೀರ್ಮಾನ ಮಾಡಿದೆ, ಇದು ನಮ್ಮ ಮನೆಯ ನಡುಮನೆಯಲ್ಲಿ, ಬಾಗಿಲಿಗೆ ಎದುರಾಗಿ ತೂಗಬೇಕು ಅಂತ.

ಆದರೆ ಆ ಗೋಡೆ ನನ್ನದಲ್ಲ, ನಮ್ಮ ಅತ್ತೆಯದು. ಅತ್ತೆ ಗೌರಮ್ಮನವರಿಗೆ ಎಂಬತ್ತು ದಾಟಿದೆ, ಗದರುವ ದನಿಗೆ ಮಾತ್ರ ಇನ್ನೂ ನಲವತ್ತೇ. ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ, ಸಾಣೆಕಲ್ಲಿನ ಮೇಲೆ ಗಂಧ ತೇಯ್ದು, ಗೋಡೆಯ ಮೇಲಿನ ಒಂದೊಂದು ಪಟದ ಗಾಜಿಗೂ ಬೊಟ್ಟಿಟ್ಟು ಬರುತ್ತಾರೆ. ಮೊದಲು ಶಿವ, ಆಮೇಲೆ ಮಠದ ಹಿಂದಿನ ಸ್ವಾಮಿಗಳು, ಕೊನೆಗೆ ನಮ್ಮ ಮಾವ. ಸುರುಳಿ ಬಿಚ್ಚಿ ತೋರಿಸಿದಾಗ ಅವರು ಮೂಗಿನ ಮೇಲೆ ಬೆರಳಿಟ್ಟರು.

‘ಊರಿಗೆ ಯಾರಾರ ಕಟ್ಟು ಹಾಕಿಸ್ತಾರೇನೇ ಮಂಗಳಾ? ನಿಮ್ಮೂರೇನು ಸತ್ತೋಗೈತಾ?’

‘ಸತ್ತಿಲ್ಲ ಅಂತ ತೋರ್ಸೋಕೇ ಅತ್ತೆ ಹಾಕಿಸ್ತಿರೋದು.’

‘ನಾನಂತೂ ಅದಕ್ಕೆ ಗಂಧ ಇಡಾಕಿಲ್ಲ. ದೇವ್ರೂ ಅಲ್ಲ, ಹೋದೋರೂ ಅಲ್ಲ.’

‘ಇಡಬ್ಯಾಡಿ. ಮೊಳೆ ಕೊಡಿ ಸಾಕು.’

ಆ ಗೋಡೆಯಲ್ಲಿ ಕೊಬ್ಬರಿ ಮಂಡಿಯವರು ಕೊಟ್ಟ ಕ್ಯಾಲೆಂಡರ್ ತೂಗುತ್ತಿದ್ದ ಮೊಳೆ ಗಿಟ್ಟಿಸುವುದಕ್ಕೆ ಒಂದು ವಾರ ಹಿಡಿಯಿತು. ಎರಡು ಹೊತ್ತು ನಾನು ಊಟ ಬಿಟ್ಟೆ ಅಂತ ಯಜಮಾನರು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾರೆ. ಅದು ಸುಳ್ಳು, ಒಂದೇ ಹೊತ್ತು ಬಿಟ್ಟದ್ದು.

ಫ್ರೇಮ್ ಹಾಕುವವರು ರುದ್ರಣ್ಣ, ಪೇಟೆ ಬೀದಿಯ ಮೂಲೆಯಲ್ಲಿ ಅಂಗಡಿ. ಅವರ ಕೈಗೆ ಬರುವುದೆಲ್ಲ ಮುಖಗಳೇ. ದೇವರ ಮುಖ, ಇಲ್ಲವೇ ತೀರಿಕೊಂಡ ಅಜ್ಜನ ಮುಖ. ಮುಖವನ್ನು ಸರಿಯಾಗಿ ಗಾಜಿನ ನಡುವಿಗೆ ತಂದು, ಸುತ್ತ ಹೆಚ್ಚಾದದ್ದನ್ನು ಕತ್ತರಿಸಿ, ದೇವರ ಪಟದ ಅಳತೆಯ ಕಟ್ಟಿಗೆ ಕೂರಿಸುವುದು ಅವರ ಪದ್ಧತಿ. ಮಂಡಿಯವರು ಹಂಚುವ ಕ್ಯಾಲೆಂಡರಿನಲ್ಲಿ ಶಿವನ ಪಾದದ ಕೆಳಗೇ ಮಂಡಿಯ ಹೆಸರು, ಫೋನ್ ನಂಬರು ಇರುತ್ತದಲ್ಲ, ರುದ್ರಣ್ಣ ಒಮ್ಮೆ ಕತ್ತರಿ ಆಡಿಸಿ ಶಿವನನ್ನು ವ್ಯಾಪಾರದಿಂದ ಬಿಡಿಸಿಬಿಡುತ್ತಾರೆ. ನನ್ನ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಆ ಕಡೆಯಿಂದ ಒಮ್ಮೆ ಈ ಕಡೆಯಿಂದ ಒಮ್ಮೆ ನೋಡಿ ಕೇಳಿದರು:

‘ಇದ್ರಲ್ಲಿ ಮುಖ ಯಾವ್ದಮ್ಮಾ?’

ನಾನು ಎದೆಯುಬ್ಬಿಸಿ ಹಾರನಹಳ್ಳಿಯ ಮೇಲೆ ಬೆರಳಿಟ್ಟೆ. ‘ಇದೇ ಮುಖ’ ಅಂದೆ.

ಪಟ ಬಂತು. ಹೊಂಬಣ್ಣದ ಅಂಚು, ಥಳಥಳ ಗಾಜು, ನಟ್ಟನಡುವೆ ದಪ್ಪಕ್ಷರದ ಹಾರನಹಳ್ಳಿ. ನನಗೆ ಬೇರೆ ಏನೂ ಕಾಣಲಿಲ್ಲ, ಕಾಣುವುದು ಬೇಕೂ ಇರಲಿಲ್ಲ. ಆಮೇಲಿನ ದಿನಗಳನ್ನು ಏನು ಹೇಳಲಿ! ಹಾಲಿನವನು ಬಂದರೂ ಸರಿ, ಮೀಟರ್ ಓದುವವನು ಬಂದರೂ ಸರಿ, ಬಾಗಿಲಲ್ಲೇ ನಿಲ್ಲಿಸಿ, ‘ದಪ್ಪಕ್ಷರ ಓದಪ್ಪ, ಈಗ ಸಣ್ಣಕ್ಷರ ಓದು’ ಅನ್ನುತ್ತಿದ್ದೆ. ಯಜಮಾನರು ಕುರ್ಚಿಯನ್ನು ತಿರುಗಿಸಿಕೊಂಡು ಪಟಕ್ಕೆ ಬೆನ್ನು ಹಾಕಿ ಪೇಪರ್ ಓದತೊಡಗಿದರು. ಮದುವೆ ಮಾತಿನ ದಿನ ನಕ್ಕಿದ್ದ ಅವರ ಚಿಕ್ಕಪ್ಪ ಬಂದಾಗ ನಾನೇ ಕೈಹಿಡಿದು ಕರೆದುಕೊಂಡು ಹೋಗಿ ನಿಲ್ಲಿಸಿದೆ. ‘ಓಹೋ’ ಅಂದರು. ಆ ಒಂದು ‘ಓಹೋ’ ತಾತನಿಗೆ ಕೇಳಿಸಬೇಕಿತ್ತು. ಅತ್ತೆ ಮಾತ್ರ ದಿನಾ ಬೆಳಿಗ್ಗೆ ಗಂಧದ ಬಟ್ಟಲು ಹಿಡಿದು ನನ್ನ ಪಟದ ಮುಂದೆ, ದಾರಿಯಲ್ಲಿ ಅಡ್ಡ ನಿಂತ ಎಮ್ಮೆಯನ್ನು ಬಳಸಿ ಹೋಗುವ ಹಾಗೆ ಹೋಗುತ್ತಿದ್ದರು.

ಒಂದು ಮಧ್ಯಾಹ್ನ, ಊಟವಾಗಿ ಎಲೆಅಡಿಕೆ ಹಾಕಿಕೊಳ್ಳುತ್ತ ಅತ್ತೆ ಕೇಳಿದರು: ‘ಮಂಗಳಾ, ಇದ್ರಲ್ಲಿ ಹಳೇಬೀಡು ಎಲ್ಲೈತೆ?’

‘ಯಾಕತ್ತೆ?’

‘ಸುಮ್ಕೆ ಕೇಳ್ದೆ. ಹಳೇಬೀಡು ಸಿಕ್ಕಿದ್ರೆ ಅಲ್ಲೇ ಮಗ್ಗುಲಲ್ಲಿ ಮಾದಿಹಳ್ಳಿ ಇರಬೇಕಲ್ಲ.’

ಮಾದಿಹಳ್ಳಿ ಅತ್ತೆಯ ತವರು. ಅಲ್ಲಿ ಈಗ ಅವರದು ಅನ್ನುವುದು ಏನೂ ಉಳಿದಿಲ್ಲ. ಅಪ್ಪ ಅಮ್ಮ ಹೋದರು, ಇದ್ದ ಒಬ್ಬ ಅಣ್ಣನೂ ಹೋದ, ಮನೆ ಬಿದ್ದು ಆ ಜಾಗದಲ್ಲಿ ಯಾರೋ ಹಾಲಿನ ಡೈರಿ ಕಟ್ಟಿದ್ದಾರೆ. ಗೌರಿ ಹಬ್ಬಕ್ಕೆ ಅವರಿಗೆ ಬಾಗಿನ ತರುವವರು ನಿಂತು ಎಷ್ಟೋ ಕಾಲವಾಯಿತು. ಈ ಮನೆಯಲ್ಲಿ ಆ ಊರಿನ ಹೆಸರನ್ನು ನಾನಂತೂ ಎತ್ತಿದ್ದಿಲ್ಲ. ಒಂದೇ ಮನೆಯಲ್ಲಿ ಇಷ್ಟು ವರ್ಷ ಜಗಳವಾಡಿಕೊಂಡು ಬದುಕಿದ್ದೇವೆ, ಈಯಮ್ಮನಿಗೂ ಒಂದು ಊರಿತ್ತು ಅಂತ ನನಗೆ ಹೊಳೆದೇ ಇರಲಿಲ್ಲ.

ಎದ್ದು ಪಟದ ಎಡಗಡೆ ಹುಡುಕಿದೆ. ಹಳೇಬೀಡಿಲ್ಲ. ಬೇಲೂರೂ ಇಲ್ಲ. ಅತ್ತ ಕಡೆಯ ದಾರಿಯೊಂದು ಹೊಂಬಣ್ಣದ ಅಂಚಿನವರೆಗೂ ಬಂದು ಗಕ್ಕನೆ ನಿಂತಿತ್ತು. ನನ್ನ ಮುಖವನ್ನು ನಡುವಿಗೆ ತರಲು ರುದ್ರಣ್ಣ ಅಷ್ಟು ಸೀಮೆಯನ್ನೇ ಕತ್ತರಿಸಿಹಾಕಿದ್ದರು!

‘ಇಲ್ವಾ?’ ಅಂದರು ಅತ್ತೆ. ‘ಹೋಗ್ಲಿ ಬಿಡು. ಅದೇನು ತಾಲ್ಲೂಕಾ, ಜಿಲ್ಲೆಯಾ.’ ಅಷ್ಟು ಹೇಳಿ ಮಗ್ಗುಲಾಗಿ ಮಲಗಿದರು. ಅತ್ತೆ ಬೈದಿದ್ದರೆ ಬೈಗುಳಕ್ಕೆ ಬೈಗುಳ ಕೊಟ್ಟು ಆರಾಮಾಗಿರುತ್ತಿದ್ದೆ. ಬಿಡು ಅಂದರಲ್ಲ, ಅದನ್ನು ನನ್ನಿಂದ ತಡೆಯಲಾಗಲಿಲ್ಲ. ತಾತ ರುಮಾಲು ಸರಿಮಾಡಿಕೊಂಡದ್ದೂ ಹೀಗೇ ಇತ್ತು. ಚಪ್ಪಲಿ ಮೆಟ್ಟಿಕೊಂಡು ನೆಟ್ಟಗೆ ಪೇಟೆ ಬೀದಿಗೆ ನಡೆದೆ.

‘ನೀವೇ ಅಲ್ವೇನಮ್ಮಾ ಮುಖ ತೋರ್ಸಿದ್ದು?’ ಅಂದರು ರುದ್ರಣ್ಣ. ‘ಕತ್ತರಿಸಿದ್ದು ಎಲ್ಲಿ?’ ಅಂದೆ. ‘ಕಾಗದ ಬಿಸಾಕಾಕಿಲ್ಲ ಕಣಮ್ಮ. ಧೂಳು ಹೋಗ್ದಂಗೆ ಪಟಗಳ ಬೆನ್ನಿಗೆ ಅಂಟಿಸಿಬಿಡ್ತೀನಿ. ಯಾವ ಪಟದ ಬೆನ್ನಿಗೆ ಹೋಯ್ತೋ ಆ ಶಿವನಿಗೇ ಗೊತ್ತು. ಇನ್ನೊಂದು ನಕ್ಷೆ ತಂದ್ಬಿಡಿ, ಸುಲಭ.’

ಮಾರನೆಯ ದಿನವೇ ಬೇಲೂರಿಗೆ ಹೊರಟೆ. ದಾರಿಯಲ್ಲಿ ಹಳೇಬೀಡು ಬಂತು, ಕೆರೆ ತುಂಬಿ ಏರಿಯವರೆಗೂ ಮಿನುಗುತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಮಾದಿಹಳ್ಳಿ ಅಂತ ಬೋರ್ಡು ಹಾಕಿಕೊಂಡ ಒಂದು ಬಸ್ಸು ಹಾಲಿನ ಕ್ಯಾನುಗಳನ್ನು ಇಳಿಸುತ್ತ ನಿಂತಿತ್ತು. ಬೇಲೂರಿನ ಅಂಗಡಿಯವನು ಕೈಯಾಡಿಸಿದ. ‘ಆ ನಕ್ಷೆ ಖಾಲಿ ಮೇಡಂ, ಮತ್ತೆ ಬರಲ್ಲ. ಬೆಂಗಳೂರಿಂದು ಐತೆ, ಲಂಡನ್ನಿಂದು ಐತೆ, ಕೊಡ್ಲಾ?’ ಲಂಡನ್ ಕಟ್ಟಿಕೊಂಡು ನಮ್ಮ ಅತ್ತೆಗೆ ಏನಾಗಬೇಕು! ಮನೆಗೆ ಬಂದು ಅತ್ತೆಗೆ, ನಿಮ್ಮೂರಿಗೆ ಬಸ್ಸು ಓಡಾಡುತ್ತದೆ, ಕರೆದುಕೊಂಡು ಹೋಗಲೇ ಅಂದೆ. ‘ಅಲ್ಲಿ ಯಾರವ್ರೆ ನನ್ನ ಬಾ ಅನ್ನಾಕೆ?’ ಅಂದು ಗಂಧದ ಕೊರಡು ಎತ್ತಿಟ್ಟರು.

ಹಟ ಇನ್ನೂ ಏರಿತು. ಮತ್ತೆ ರುದ್ರಣ್ಣನ ಅಂಗಡಿಗೆ ಹೋಗಿ ಪೀಡಿಸಿದೆ. ನನ್ನ ಪಟ ಮಾಡಿದ ವಾರವೇ ಸ್ಟೇಷನ್ ಬೀದಿಯ ಒಂದು ಮನೆಯ ಅಜ್ಜನಿಗೆ ಕಟ್ಟು ಹಾಕಿದ್ದು ಅವರಿಗೆ ನೆನಪಾಯಿತು. ಹೋದೆ. ಮಾತಾಡಿಸಲು ಬಂದಿದ್ದಾಳೆ ಅಂತ ಅವರು ಚಾಪೆ ಹಾಸಿದರು, ಕಾಫಿ ಕೊಟ್ಟರು, ಅಜ್ಜನ ಕೊನೆಯ ದಿನಗಳನ್ನೆಲ್ಲ ಹೇಳಿದರು. ನಾನು ಕಣ್ಣೊರೆಸಿಕೊಂಡು, ‘ಅಜ್ಜನ್ನ ಒಂದು ಸಲ ತಿರುಗಿಸಿ ನೋಡ್ಬೋದಾ?’ ಅಂದೆ.

‘ಹಿಂದೇನಿರ್ತದೆ ಕಣ್ರೀ?’ ಅಂದಳು ಸೊಸೆ. ‘ಮಾವ ಇರೋದು ಮುಂದೆ.’

ಆದರೂ ತಿರುಗಿಸಿದೆ. ಅಜ್ಜನ ಬೆನ್ನಿಗೆ ರಾಗಿ ಬೀಜದ ಜಾಹೀರಾತು ಇತ್ತು. ಹೂವಿನ ಹಾರ ಸರಿಮಾಡಿ, ಕೈಮುಗಿದು, ಬೆವರುತ್ತ ಮನೆಗೆ ಬಂದೆ. ಯಜಮಾನರಿಗೆ ಸುದ್ದಿ ನನಗಿಂತ ಮೊದಲೇ ತಲುಪಿತ್ತು.

‘ಊರಲ್ಲಿರೋ ಹೆಣಗಳ ಬೆನ್ನೆಲ್ಲಾ ನೋಡ್ಕೊಂಡು ಬಂದ್ಯಲ್ಲೇ, ನಮ್ಮನೇಲಿ ತೂಗಾಕಿದ್ಯಲ್ಲ, ಅದರ ಬೆನ್ನು ನೋಡಿದ್ಯಾ?’

ಅವರೇ ಎದ್ದು ಪಟ ಇಳಿಸಿ ಮಂಚದ ಮೇಲೆ ಬೋರಲು ಹಾಕಿದರು. ಬೇಲೂರು ಅಲ್ಲಿತ್ತು. ಹಳೇಬೀಡು ಅಲ್ಲಿತ್ತು, ಕೆರೆಯ ನೀಲಿ ಮಾಸಿರಲಿಲ್ಲ. ಮೈದಾ ಅಂಟಿನಲ್ಲಿ ನೆನೆದು ಸುಕ್ಕಾಗಿ, ಮೊಳೆಗಳ ಸಾಲಿನ ಮೇಲೆ ಪಟ್ಟಿಯಾಗಿ ಅಂಟಿಕೊಂಡಿತ್ತು. ನಾನು ಬಂದವರಿಗೆಲ್ಲ ದಪ್ಪಕ್ಷರ ಓದಿಸುತ್ತಿದ್ದ ಅಷ್ಟೂ ದಿನ ನನ್ನ ಅತ್ತೆಯ ಸೀಮೆ ನನ್ನೂರಿನ ಬೆನ್ನ ಹಿಂದೆ ಗೋಡೆಗೆ ಮುಖ ಮಾಡಿಕೊಂಡು ಇತ್ತು. ನನಗೆ ನಾಚಿಕೆಯಾಯಿತು. ಯಜಮಾನರೂ ಅಂದು ಬಸ್ಸಿನ ಹಾಸ್ಯ ಮಾಡಲಿಲ್ಲ.

‘ಬಿಡಿಸಬೋದು, ಆದ್ರೆ ಹರಿದ್ರೆ ನನ್ನ ಕೇಳ್ಬ್ಯಾಡಿ’ ಅಂದರು ರುದ್ರಣ್ಣ.

‘ಹರೀಬಾರ್ದು’ ಅಂದೆ.

ಬಿಸಿನೀರಿನ ಬಟ್ಟೆ ಇಟ್ಟು, ಚಾಕುವಿನ ತುದಿಯಿಂದ ಎತ್ತಿ, ಉಸಿರು ಬಿಗಿಹಿಡಿದು ಬಿಡಿಸಿದರು. ನಾನು ಅಂಗಡಿಯ ಸ್ಟೂಲು ಬಿಟ್ಟು ಅಲ್ಲಾಡಲಿಲ್ಲ. ಜೋಡಿಸಿ ಅಳತೆ ಹಿಡಿದು ತಲೆ ಕೆರೆದುಕೊಂಡರು. ‘ಇದಕ್ಕೆ ಸರಿಯಾದ ಕಟ್ಟು ನನ್ನತ್ರ ಇಲ್ಲಮ್ಮ. ದೇವರ ಅಳತೆಗಿಂತ ದೊಡ್ಡದಾಗ್ತದೆ.’

‘ಆಗ್ಲಿ. ಹೊಸದು ಮಾಡಿ. ಈ ಸಲ ಮುಖ ಇಲ್ಲ ರುದ್ರಣ್ಣ, ಪೂರ್ತಿ ಹಾಕಿ.’

ಹೊಸ ಪಟದಲ್ಲಿ ಹಾರನಹಳ್ಳಿ ಮತ್ತೆ ಬಲಗಡೆಗೆ ಹೋಯಿತು. ಎಡಗಡೆ ಮೇಲಿಂದ ಕೆಳಗಿನವರೆಗೆ ಜೋಡಿಸಿದ ಗೆರೆ ಕಾಣುತ್ತದೆ, ಹೊಲಿದ ಸೀರೆಯ ಹಾಗೆ. ಗೋಡೆಗೆ ಹಾಕುವ ಮೊದಲು ನಾನು ಪಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಆ ಪಟ್ಟಿಯನ್ನು ಅಕ್ಷರ ಅಕ್ಷರ ಓದಿದೆ. ಹಳೇಬೀಡು ಇತ್ತು. ಬಸ್ತಿಹಳ್ಳಿ ಇತ್ತು, ಬಸದಿಗಳ ಪುಣ್ಯದಿಂದ ಇರಬೇಕು. ಮಾದಿಹಳ್ಳಿ ಇರಲಿಲ್ಲ. ಭೂತಗನ್ನಡಿ ಹಿಡಿದು ಮತ್ತೆ ಓದಿದೆ. ಇರಲೇ ಇಲ್ಲ. ಅಂಟಿನಲ್ಲಿ ಅಳಿಸಿದ್ದಲ್ಲ, ನಕ್ಷೆ ಬರೆದವನೇ ಬರೆದಿರಲಿಲ್ಲ.

ಅತ್ತೆಗೆ ಇಂಗ್ಲಿಷ್ ಓದಲು ಬಾರದು. ಯಾವುದೋ ಒಂದು ಹೆಸರಿನ ಮೇಲೆ ಬೆರಳಿಟ್ಟು ‘ಇದೇ ಅತ್ತೆ’ ಅಂದುಬಿಟ್ಟರೆ ಮುಗಿಯುತ್ತಿತ್ತು. ಬಾಯಿಯವರೆಗೂ ಬಂತು. ಆದರೆ ಬರೆದದ್ದು ನಿಜ ಅಂತ ಹೇಳಿಕೊಂಡೇ ಇಷ್ಟು ದಿನ ಊರೆಲ್ಲ ಜಗಳ ಕಾಯ್ದವಳು ನಾನು. ‘ಅತ್ತೆ, ನಿಮ್ಮೂರ ಹೆಸರು ಬರ್ದಿಲ್ಲ ಕಣತ್ತೆ’ ಅಂದೆ.

ಅತ್ತೆ ಕನ್ನಡಕ ಏರಿಸಿಕೊಂಡು ಪಟದ ಹತ್ತಿರ ಬಂದರು.

‘ಕೆರೆ ಯಾವ್ದು?’

‘ಈ ನೀಲಿ.’

‘ಬಸ್ತಿಹಳ್ಳಿ?’

‘ಇಲ್ಲಿ.’

‘ಹಂಗಾರೆ ಗಾಡಿ ದಾರಿ ಇದೇ.’ ಅತ್ತೆಯ ಬೆರಳು ಗಾಜಿನ ಮೇಲೆ ಮೆಲ್ಲಗೆ ನಡೆಯಿತು. ಒಂದು ಕಡೆ ನಿಂತಿತು, ಮತ್ತೆ ಕೊಂಚ ಮುಂದೆ ಹೋಯಿತು. ‘ಇಲ್ಲಿ ಭತ್ತದ ಗದ್ದೆ. ಇಲ್ಲಿ ನಮ್ಮವ್ವ ನೀರು ಸೇದೋ ಬಾವಿ.’ ಬೆರಳು ಊರಿ ನಿಂತರು. ಅವರ ಬೆರಳಿನ ಕೆಳಗೆ ನಕ್ಷೆಯಲ್ಲಿ ಏನೂ ಇರಲಿಲ್ಲ, ಬರೀ ಕಂದು ಹಾಳೆ. ‘ಇಲ್ಲೇ ಐತೆ ಕಣೇ. ಬರ್ದೋನು ಈ ಕಡೆ ಬಂದಿಲ್ಲ, ಅಷ್ಟೇಯ.’

ಮಾರನೆಯ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದೆ. ಬಾಗಿಲ ಸಂದಿಯಿಂದ ಎಲ್ಲ ಕಾಣುತ್ತದೆ. ಅತ್ತೆ ಗಂಧದ ಬಟ್ಟಲು ಹಿಡಿದು ಬಂದು ಶಿವನಿಗೆ ಇಟ್ಟರು, ಸ್ವಾಮಿಗಳಿಗೆ ಇಟ್ಟರು, ಮಾವನಿಗೆ ಇಟ್ಟರು. ಆಮೇಲೆ ನನ್ನ ಪಟದ ಮುಂದೆ ನಿಂತರು. ಗಾಜಿನ ಎಡಗಡೆ, ನೀಲಿ ಕೆರೆಯಿಂದ ಅಷ್ಟು ದೂರದಲ್ಲಿ, ಒಂದು ಬೊಟ್ಟು ಇಟ್ಟು, ಹಿಂದೆ ಸರಿದು, ಸರಿಯಾದ ಜಾಗವೇ ಅಂತ ನೋಡಿಕೊಂಡರು. ನಾನು ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ. ಅತ್ತೆ ತಿರುಗಿ ನೋಡಿದರು. ಬೆರಳ ತುದಿಯಲ್ಲಿ ಇನ್ನೂ ಗಂಧ ಉಳಿದಿತ್ತು.

‘ನಿಮ್ಮೂರಿಗೂ ಇಡ್ಲೇನೇ?’

‘ಬ್ಯಾಡಿ ಅತ್ತೆ’ ಅಂದೆ. ‘ನಮ್ಮೂರಿಗೆ ಅಕ್ಷರ ಅವೆ.’